ಮಡಿಲಲ್ಲಿ ಕೂರಿಸಿಕೊಂಡು ಹೇಳಿದ ಪಾಠ

ಮಕ್ಕಳು ಮನೆಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆ. ಮೊದಲನೆಯದು ಪುಸ್ತಕದ್ದು. ಮಳೆ ಹೇಗೆ ಬರುತ್ತದೆ, ಗೋಲಗುಮ್ಮಟ ಕಟ್ಟಿಸಿದವರು ಯಾರು, ಚಂದ್ರ ಯಾಕೆ ಸವೆಯುತ್ತಾನೆ? ಇವುಗಳಿಗೆ ಉತ್ತರ ಗೊತ್ತಿಲ್ಲದಿದ್ದರೂ ನಾವು ಪಾರಾಗಿಬಿಡುತ್ತೇವೆ. 'ನಾಳೆ ನಿಮ್ಮ ಮೇಷ್ಟ್ರನ್ನೇ ಕೇಳು' ಎಂದರೆ ಮುಗಿಯಿತು. ಎರಡನೆಯ ಬಗೆಯ ಪ್ರಶ್ನೆ ಬೀದಿಯಿಂದ ಬರುವಂಥದ್ದು. 'ಅಮ್ಮಾ, ಅವರ ಮನೇಲಿ ಎಲ್ಲರನ್ನೂ ಒಳಗೆ ಕರೆದರು, ನನ್ನನ್ನು ಮಾತ್ರ ಜಗಲಿ ಮೇಲೆ ಕೂರಿಸಿದರು, ಯಾಕಮ್ಮಾ?' 'ಅಪ್ಪಾ, ನನ್ನ ಬಣ್ಣ ನೋಡಿ ಕ್ಲಾಸಲ್ಲಿ ಯಾಕೆ ನಗ್ತಾರೆ?' ಇಂಥ ಪ್ರಶ್ನೆ ಬಂದಾಗ ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಡಬೇಕಾಗುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿದರೂ ಪರವಾಗಿಲ್ಲ ಎನ್ನಬೇಕಾಗುತ್ತದೆ.

ಆದರೆ ನಾವು ಸಾಮಾನ್ಯವಾಗಿ ಮಾಡುವುದೇನು? ಕೆಲವರು 'ಅದೆಲ್ಲ ನಿನಗೆ ಈಗ ಅರ್ಥವಾಗಲ್ಲ' ಎಂದು ಬಾಯಿ ಮುಚ್ಚಿಸುತ್ತೇವೆ. ಕೆಲವರು 'ನಿನ್ನನ್ನು ಅಲ್ಲಿಗೆ ಹೋಗು ಅಂದವರು ಯಾರು?' ಎಂದು ಮಗುವಿನ ಮೇಲೆಯೇ ತಪ್ಪು ಹೊರಿಸುತ್ತೇವೆ. ಇನ್ನು ಕೆಲವರು 'ಆ ಜನರೇ ಹಾಗೆ, ಅವರನ್ನು ನಂಬಬಾರದು' ಎಂದು ನಮ್ಮೊಳಗಿನ ಹಳೆಯ ವಿಷವನ್ನು ಒಂದು ಚಮಚ ಕುಡಿಸಿಬಿಡುತ್ತೇವೆ. ಮೂರರಲ್ಲಿ ಯಾವುದನ್ನು ಮಾಡಿದರೂ ಮಗು ಸುಮ್ಮನಾಗುತ್ತದೆ. ಸುಮ್ಮನಾದ ಮಗು ಸಮಾಧಾನವಾಗಿದೆ ಎಂದು ನಾವು ತಿಳಿಯುತ್ತೇವೆ.

ಸುಮಾರು ತೊಂಬತ್ತು ವರ್ಷಗಳ ಹಿಂದೆ ಅಮೆರಿಕದ ಅಟ್ಲಾಂಟಾ ಎಂಬ ಊರಿನಲ್ಲಿ ಒಬ್ಬ ತಾಯಿ ಇಂಥದೇ ಪ್ರಶ್ನೆಗೆ ನಾಲ್ಕನೆಯ ಬಗೆಯ ಉತ್ತರವೊಂದನ್ನು ಕೊಟ್ಟರು. ಈ ವಾರ ಆ ತಾಯಿಯನ್ನು ನೆನೆಯೋಣ ಅನ್ನಿಸಿತು. ಅವರ ಹೆಸರು ಆಲ್ಬರ್ಟಾ ವಿಲಿಯಮ್ಸ್ ಕಿಂಗ್. ಹೆಸರು ಕೇಳಿದ ಕೂಡಲೇ ಗುರುತು ಹತ್ತಲಿಕ್ಕಿಲ್ಲ. ಪ್ರಶ್ನೆ ಕೇಳಿದ ಹುಡುಗನ ಹೆಸರು ಹೇಳಿದರೆ ಥಟ್ಟನೆ ಗೊತ್ತಾದೀತು: ಮಾರ್ಟಿನ್ ಲೂಥರ್ ಕಿಂಗ್. ಪಠ್ಯಪುಸ್ತಕಗಳಲ್ಲಿ ಮಗನ ಚಿತ್ರವಿರುತ್ತದೆ. ತಾಯಿಗೆ ಅಲ್ಲಿ ಒಂದು ಸಾಲೂ ಸಿಗುವುದು ಕಷ್ಟ.

ನಡೆದದ್ದು ಇಷ್ಟು. ಹುಡುಗ ಮಾರ್ಟಿನ್‌ಗೆ ಆಗ ಆರು ವರ್ಷ. ಮನೆಯ ಎದುರಿನ ಅಂಗಡಿಯವರ ಮಗ ಅವನ ಆಟದ ಗೆಳೆಯ. ಗೆಳೆಯ ಬಿಳಿಯ, ಇವನು ಕಪ್ಪು. ಮೂರು ವರ್ಷದ ಕೂಸುಗಳಾಗಿದ್ದಾಗಿನಿಂದ ಒಟ್ಟಿಗೆ ಆಡಿಕೊಂಡವರಿಗೆ ಅದೊಂದು ವ್ಯತ್ಯಾಸವೆಂದೇ ಹೊಳೆದಿರಲಿಲ್ಲ. ಇಬ್ಬರಿಗೂ ಶಾಲೆಗೆ ಹೋಗುವ ವಯಸ್ಸು ಬಂತು. ಶಾಲೆಗಳು ಬೇರೆ ಬೇರೆ, ಏಕೆಂದರೆ ಆ ಸೀಮೆಯ ಕಾನೂನೇ ಹಾಗಿತ್ತು. ಒಂದು ದಿನ ಗೆಳೆಯ ಬಂದು, ಇನ್ನು ಮೇಲೆ ನಿನ್ನ ಜೊತೆ ಆಡಬಾರದೆಂದು ನಮ್ಮಪ್ಪ ಹೇಳಿದ್ದಾರೆ ಎಂದ. ಹುಡುಗ ಓಡುತ್ತ ಮನೆಗೆ ಬಂದು ತಾಯಿಯನ್ನು ಕೇಳಿದ, ಯಾಕೆ?

ಆಲ್ಬರ್ಟಾ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡರು. ಗುಲಾಮಗಿರಿಯ ಕಥೆಯಿಂದ ಪ್ರಾರಂಭಿಸಿದರು. ಆಫ್ರಿಕದಿಂದ ಹೊತ್ತು ತಂದ ಜನ, ಅವರನ್ನು ಮಾರಿದ್ದು ಕೊಂಡದ್ದು, ಅಮೆರಿಕದ ಅಂತರ್ಯುದ್ಧ, ಗುಲಾಮಗಿರಿ ಮುಗಿದರೂ ಬೇರೆ ಶಾಲೆ, ಬೇರೆ ಹೋಟೆಲು, ಬೇರೆ ಕಾಯುವ ಕೋಣೆ ಎಂದು ಮುಂದುವರಿದ ಪದ್ಧತಿ, ಎಲ್ಲವನ್ನೂ ಆರು ವರ್ಷದವನಿಗೆ ತಿಳಿಯುವಷ್ಟು ಹೇಳಿದರು. ಇದು ಮನುಷ್ಯರು ಮಾಡಿಕೊಂಡ ಏರ್ಪಾಡು, ಸೂರ್ಯ ಹುಟ್ಟಿ ಮುಳುಗಿದ ಹಾಗೆ ಸೃಷ್ಟಿಯ ನಿಯಮವಲ್ಲ ಎಂದು ಬಿಡಿಸಿ ಹೇಳಿದರು. ಈ ಏರ್ಪಾಡನ್ನು ತಾವು ಒಪ್ಪುವುದಿಲ್ಲವೆಂದೂ, ಅದರಿಂದ ಅವನು ತನ್ನನ್ನು ಯಾರಿಗಿಂತಲೂ ಕಡಿಮೆ ಎಂದು ಭಾವಿಸಬೇಕಾಗಿಲ್ಲವೆಂದೂ ಹೇಳಿದರು. ನೀನು ಯಾರಿಗೂ ಕಮ್ಮಿಯವನಲ್ಲ ಎಂಬ ಆ ಮಾತನ್ನು ಮಗ ಮುಂದೆ ದೊಡ್ಡವನಾಗಿ ತನ್ನ ಪುಸ್ತಕದಲ್ಲಿ ನೆನೆದು ಬರೆದ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಸತ್ಯ ತಿಳಿದ ಹುಡುಗನಿಗೆ ಬಂದದ್ದು ಸಿಟ್ಟು. ಬಿಳಿಯರೆಲ್ಲರನ್ನೂ ದ್ವೇಷಿಸುತ್ತೇನೆ ಎಂದು ಅವನು ನಿಶ್ಚಯಿಸಿದ. ಆಗ ತಂದೆ ತಾಯಿ ಇಬ್ಬರೂ ಹೇಳಿದ್ದು, ದ್ವೇಷಿಸಕೂಡದು, ಕ್ರೈಸ್ತನಾದವನು ಪ್ರೀತಿಸಬೇಕು ಎಂದು. ನನ್ನನ್ನು ದ್ವೇಷಿಸುವವರನ್ನು ನಾನು ಹೇಗೆ ಪ್ರೀತಿಸಲಿ ಎಂಬ ಪ್ರಶ್ನೆ ತನ್ನನ್ನು ಬಹಳ ವರ್ಷ ಕಾಡಿತೆಂದು ಕಿಂಗ್ ಬರೆದಿದ್ದಾರೆ. ಕಾಡದೆ ಇರುತ್ತದೆಯೇ? ಹೇಳುವುದು ಸುಲಭ. ಹಾಗೆ ಹೇಳಿದವರು ತಾವೇ ಅದರಂತೆ ಬಾಳಿದರೇ ಎಂಬುದನ್ನು ಮಕ್ಕಳು ಕಣ್ಣಿಟ್ಟು ನೋಡುತ್ತಲೇ ಇರುತ್ತಾರೆ. ಆದ್ದರಿಂದ ಆ ತಾಯಿಯ ಬಾಳನ್ನು ಸ್ವಲ್ಪ ನೋಡೋಣ.

ಆಲ್ಬರ್ಟಾ ಹುಟ್ಟಿದ್ದೇ ಚರ್ಚಿನ ಮಡಿಲಲ್ಲಿ ಎನ್ನಬೇಕು. ತಂದೆ ಎ.ಡಿ. ವಿಲಿಯಮ್ಸ್ 1894ರಲ್ಲಿ ಅಟ್ಲಾಂಟಾದ ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಸಭಾಪಾಲಕರಾಗಿ ಬಂದಾಗ ಅಲ್ಲಿದ್ದವರು 13 ಮಂದಿ ಸದಸ್ಯರು. ಸ್ವಂತದ್ದೊಂದು ಕಟ್ಟಡವೂ ಇರಲಿಲ್ಲ. ಅವರು ಅದನ್ನು ನೂರಾರು ಕುಟುಂಬಗಳ ಸಭೆಯಾಗಿ ಬೆಳೆಸಿದರು. ಚರ್ಚಿನ ಕೆಲಸವೆಂದರೆ ಪ್ರಾರ್ಥನೆ ಮಾತ್ರವೆಂದು ಅವರು ತಿಳಿದಿರಲಿಲ್ಲ. ಅಟ್ಲಾಂಟಾದಲ್ಲಿ ಆ ಕಾಲಕ್ಕೆ ಕಪ್ಪು ಮಕ್ಕಳಿಗೆ ಒಂದೇ ಒಂದು ಸರ್ಕಾರಿ ಹೈಸ್ಕೂಲು ಇರಲಿಲ್ಲ. ಅದಕ್ಕಾಗಿ ಹೋರಾಡಿದವರಲ್ಲಿ ವಿಲಿಯಮ್ಸ್ ಒಬ್ಬರು. 1924ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಹೈಸ್ಕೂಲು ತೆರೆಯಿತು. ಮುಂದೆ ಮೊಮ್ಮಗ ಮಾರ್ಟಿನ್ ಓದಿದ್ದು ಅಲ್ಲಿಯೇ. ಅಜ್ಜ ನೆಟ್ಟ ಮಾವಿನ ಮರದ ಹಣ್ಣನ್ನು ಮೊಮ್ಮಗ ತಿನ್ನುತ್ತಾನೆ ಎನ್ನುತ್ತೇವಲ್ಲ, ಹಾಗೆ.

ಮಗಳ ಕಾಲಕ್ಕೆ ಆ ಶಾಲೆ ಇರಲಿಲ್ಲವಾದ್ದರಿಂದ ಆಲ್ಬರ್ಟಾ ಸ್ಪೆಲ್ಮನ್ ಸೆಮಿನರಿಯಲ್ಲಿ ಹೈಸ್ಕೂಲು ಓದಿದರು. ಆಮೇಲೆ ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್‌ಗೆ ಹೋಗಿ 1924ರಲ್ಲಿ ಶಿಕ್ಷಕಿಯ ಅರ್ಹತಾ ಪತ್ರ ಪಡೆದು ಬಂದರು. ಕೆಲಕಾಲ ಪಾಠವನ್ನೂ ಹೇಳಿದರು. ಆದರೆ 1926ರ ನವೆಂಬರಿನಲ್ಲಿ ಮದುವೆಯಾಯಿತು. ಮದುವೆಯಾದ ಹೆಂಗಸು ಶಾಲೆಯಲ್ಲಿ ಪಾಠ ಹೇಳಕೂಡದೆಂಬುದು ಅಲ್ಲಿನ ಶಿಕ್ಷಣ ಮಂಡಳಿಯ ನಿಯಮ. ಬಣ್ಣದ ಗೋಡೆಯ ಜೊತೆಗೆ ಇದು ಇನ್ನೊಂದು ಗೋಡೆ. ಕಷ್ಟಪಟ್ಟು ಗಳಿಸಿದ ಅರ್ಹತಾ ಪತ್ರ ಪೆಟ್ಟಿಗೆ ಸೇರಿತು.

ಅವರು ಮದುವೆಯಾದ ಹುಡುಗನ ಕತೆಯೂ ವಿದ್ಯಾರ್ಥಿಗಳು ತಿಳಿಯಬೇಕಾದದ್ದೇ. ಹಳ್ಳಿಯಲ್ಲಿ ಪಾಲಿಗೆ ಹೊಲ ಮಾಡುತ್ತಿದ್ದ ಬಡ ಸಂಸಾರದ ಮಗ. ಉಪದೇಶ ಮಾಡುವ ಹಂಬಲ ಹೊತ್ತು ಪಟ್ಟಣಕ್ಕೆ ಬಂದಾಗ ಓದು ಬರಹ ಅಷ್ಟಕ್ಕಷ್ಟೇ. ಪರೀಕ್ಷಿಸಿ ನೋಡಿದ ಶಾಲೆಯವರು ಇವನ ಮಟ್ಟ ಐದನೆಯ ತರಗತಿಯದು ಎಂದರು. ಆಗ ಅವರಿಗೆ ಇಪ್ಪತ್ತು ತುಂಬಿತ್ತು! ನಾಚಿಕೆಪಟ್ಟು ಹಿಂದಿರುಗಬಹುದಿತ್ತು. ಹಿಂದಿರುಗಲಿಲ್ಲ. ದುಡಿಯುತ್ತ ಓದಿದರು. ಸಭಾಪಾಲಕರ ಓದಿದ ಮಗಳು ಈ ಹುಡುಗನನ್ನು ಕಂಡು ನಗಲಿಲ್ಲ, ಓದು ಎಂದು ಬೆನ್ನು ತಟ್ಟಿದಳು. ಮದುವೆಯಾದ ವರ್ಷವೇ ಅವರು ಮೋರ್‌ಹೌಸ್ ಕಾಲೇಜು ಸೇರಿ 1930ರಲ್ಲಿ ಪದವಿ ಪಡೆದರು. ಅಷ್ಟರಲ್ಲಿ ಮೂರು ಮಕ್ಕಳು ಹುಟ್ಟಿದ್ದವು. 1927ರಲ್ಲಿ ಮಗಳು ಕ್ರಿಸ್ಟೀನ್, 1929ರಲ್ಲಿ ಮಾರ್ಟಿನ್, 1930ರಲ್ಲಿ ಕಿರಿಯವನು ಎ.ಡಿ. ಮಾವನವರು 1931ರಲ್ಲಿ ತೀರಿಕೊಂಡ ಮೇಲೆ ಅಳಿಯನೇ ಎಬನೇಜರ್ ಚರ್ಚಿನ ಸಭಾಪಾಲಕರಾದರು.

ಗಂಡನ ಪದವಿಯಾಯಿತು. ಹೆಂಡತಿಯದು? ಮೂರು ಮಕ್ಕಳು ಶಾಲೆಗೆ ಹೋಗುವ ಕಾಲಕ್ಕೆ ತಾಯಿಯೂ ಪುಸ್ತಕ ಹಿಡಿದರು. 1938ರಲ್ಲಿ ಮಾರಿಸ್ ಬ್ರೌನ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಆ ಪದವಿಯಿಂದ ಅವರಿಗೆ ಸಂಬಳದ ಕೆಲಸ ಸಿಗುವಂತಿರಲಿಲ್ಲ ಎಂಬುದನ್ನು ನೆನಪಿಡಿ. ಅಂಕಪಟ್ಟಿ ನೋಡಿ ಮೊದಲು ನೌಕರಿಯ ಲೆಕ್ಕ ಹಾಕುವ ನಮಗೆ ಇದು ವಿಚಿತ್ರವಾಗಿ ತೋರೀತು.

ಇನ್ನು ಚರ್ಚಿನ ಕೆಲಸ. 1932ರಿಂದ ಅವರು ಎಬನೇಜರ್ ಚರ್ಚಿನ ಆರ್ಗನ್ ವಾದಕಿ, ಗಾಯನವೃಂದದ ನಿರ್ದೇಶಕಿ. ಆರ್ಗನ್ ಎಂದರೆ ನಮ್ಮ ಹಾರ್ಮೋನಿಯಂಗೆ ದೊಡ್ಡಣ್ಣ ಎಂದುಕೊಳ್ಳಿ. ಎರಡು ಕೈಗೂ ಕೆಲಸ, ಪಾದಗಳಿಗೂ ಕೆಲಸ. ಸಭೆಯಲ್ಲಿ ಎಲ್ಲರೂ ಎದ್ದಾಗ ಅವರು ಕೂತಿರಬೇಕು, ಎಲ್ಲರೂ ಕಣ್ಣು ಮುಚ್ಚಿದಾಗ ಅವರು ಕಣ್ಣು ಬಿಟ್ಟಿರಬೇಕು. ಮದುವೆಗೂ ಅವರೇ ನುಡಿಸಬೇಕು, ಮಣ್ಣಿಗೂ ಅವರೇ. ಭಾಷಣ ಮಾಡಿದವರ ಹೆಸರು ಮರುದಿನ ಊರಿನ ಬಾಯಲ್ಲಿರುತ್ತದೆ. ನುಡಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ನಮ್ಮ ಊರುಗಳ ಭಜನೆ ಮಂಡಳಿಯಲ್ಲಿ ಮೂಲೆಯಲ್ಲಿ ಕೂತು ಶ್ರುತಿಪೆಟ್ಟಿಗೆ ಹಿಡಿದವರನ್ನು ಗಮನಿಸಿದ್ದೀರಾ? ಅವರೊಬ್ಬರು ಬರದಿದ್ದ ದಿನವೇ ಅವರ ಬೆಲೆ ಗೊತ್ತಾಗುವುದು. ಹಾಗೆ ಸುಮಾರು ನಾಲ್ಕು ದಶಕಗಳ ಕಾಲ ಆ ತಾಯಿ ಆರ್ಗನ್ನಿನ ಮುಂದೆ ಕೂತರು. ನಾಲ್ಕೈದು ವರ್ಷದ ಮಾರ್ಟಿನ್ ಬೇರೆ ಬೇರೆ ಚರ್ಚುಗಳಲ್ಲಿ ನಿಂತು ಹಾಡುವಾಗ ಪಿಯಾನೋದಲ್ಲಿ ಜೊತೆ ಕೊಟ್ಟವರೂ ಅಮ್ಮನೇ. ಮುಂದೆ ಲಕ್ಷಾಂತರ ಜನರನ್ನು ಹಿಡಿದು ನಿಲ್ಲಿಸಿದ ಆ ದನಿಗೆ ಏರಿಳಿತದ ಮೊದಲ ಪಾಠ ಎಲ್ಲಿ ಸಿಕ್ಕಿತೆಂದು ಬೇರೆ ಹುಡುಕಬೇಕಾಗಿಲ್ಲ.

ಮಕ್ಕಳೇನು ದೇವತೆಗಳಾಗಿರಲಿಲ್ಲ ಬಿಡಿ. ಪಿಯಾನೋ ಪಾಠವೆಂದರೆ ಗಂಡುಹುಡುಗರಿಬ್ಬರಿಗೂ ಆಗದು. ಪಾಠ ಹೇಳುವ ಮೇಷ್ಟ್ರು ಕೂರುವ ಸ್ಟೂಲಿನ ಕಾಲನ್ನು ಸಡಿಲಿಸಿಟ್ಟು ಅವರನ್ನು ಬೀಳಿಸಿದ ಪ್ರಸಂಗವನ್ನು ಅಕ್ಕ ಕ್ರಿಸ್ಟೀನ್ ನೆನೆಸಿಕೊಂಡಿದ್ದಾರೆ. ತಂದೆ ಶಿಸ್ತಿನ ಮನುಷ್ಯ, ಏಟು ಕೊಡುವವರು. ತಾಯಿ ಮೆತ್ತಗೆ ಮಾತಾಡುವವರು. ಊಟಕ್ಕೆ ಕೂರುವ ಮುನ್ನ ಪ್ರತಿಯೊಂದು ಮಗುವೂ ಬೈಬಲಿನ ಒಂದು ವಚನವನ್ನು ಬಾಯಿಪಾಠ ಹೇಳಬೇಕೆಂಬುದು ಮನೆಯ ರೂಢಿ. ಅದು ಊಟದ ಹೊತ್ತು, ಮಾತಿನ ಹೊತ್ತು. ಬೀದಿಯಿಂದ ಬಂದ ಪ್ರಶ್ನೆಗಳಿಗೆ ಆ ಮೇಜಿನ ಮೇಲೆ ಜಾಗವಿತ್ತು.

ಹಾಗೆಂದು ಅವರ ಬಾಳು ತಪ್ಪಿಲ್ಲದ ಚಿನ್ನದ ಗೆರೆ ಎಂದು ನಾನು ಹೇಳಹೊರಟಿಲ್ಲ. 1939ರ ಡಿಸೆಂಬರಿನಲ್ಲಿ 'ಗಾನ್ ವಿತ್ ದಿ ವಿಂಡ್' ಚಲನಚಿತ್ರದ ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ ನಡೆಯಿತು. ಅದರ ಹಿಂದಿನ ರಾತ್ರಿ ಬಿಳಿಯರಿಗಾಗಿಯೇ ಏರ್ಪಟ್ಟಿದ್ದ ಸಂತೋಷಕೂಟದಲ್ಲಿ ಎಬನೇಜರ್ ಗಾಯನವೃಂದ ಹಾಡಿತು. ಹಾಡಿದವರು ತೊಟ್ಟಿದ್ದು ಗುಲಾಮರ ವೇಷ. ನಡೆಸಿಕೊಟ್ಟವರು ಆಲ್ಬರ್ಟಾ. ಹಾಡಿದವರ ನಡುವೆ ಹತ್ತು ವರ್ಷದ ಮಾರ್ಟಿನ್ ಕೂಡ ಇದ್ದ. ಅವರದೇ ಸಮುದಾಯದ ಧರ್ಮಗುರುಗಳು ಇದನ್ನು ಬಲವಾಗಿ ಖಂಡಿಸಿದರು. ಮಡಿಲಲ್ಲಿ ಕೂರಿಸಿಕೊಂಡು ನೀನು ಯಾರಿಗೂ ಕಮ್ಮಿಯಲ್ಲ ಎಂದ ತಾಯಿಯೇ ಮಗನಿಗೆ ಗುಲಾಮನ ಅಂಗಿ ತೊಡಿಸಬೇಕಾಯಿತೇ ಎಂದು ನಮಗೂ ಕಸಿವಿಸಿಯಾಗುತ್ತದೆ. ಅನ್ಯಾಯದ ಏರ್ಪಾಡಿನೊಳಗೆ ಬದುಕುವುದೆಂದರೆ ಹೀಗೆಯೇ. ಎಲ್ಲಿ ತಲೆ ಎತ್ತಬೇಕು, ಎಲ್ಲಿ ತಗ್ಗಿಸಬೇಕು ಎಂದು ದಿನವೂ ಲೆಕ್ಕ ಹಾಕುತ್ತಿರಬೇಕು. ಲೆಕ್ಕ ಒಮ್ಮೊಮ್ಮೆ ತಪ್ಪುತ್ತದೆ. ತಪ್ಪದ ತಂದೆತಾಯಿಗಳು ಎಲ್ಲಿದ್ದಾರೆ?

ಎರಡು ವರ್ಷ ಕಳೆಯುವುದರೊಳಗೆ ಮನೆಯಲ್ಲಿ ಸಾವು. 1941ರ ಮೇ ತಿಂಗಳು, ಅಜ್ಜಿ ಜೆನ್ನಿ ಒಂದು ಚರ್ಚಿನ ಸಮಾರಂಭಕ್ಕೆ ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಹನ್ನೆರಡು ವರ್ಷದ ಮಾರ್ಟಿನ್ ಆ ಹೊತ್ತಿಗೆ ಮನೆಯಲ್ಲಿ ಹೇಳದೆ ಮೆರವಣಿಗೆ ನೋಡಲು ಹೋಗಿದ್ದ. ಅಜ್ಜಿಯ ಮುದ್ದಿನ ಮೊಮ್ಮಗ ಅವನು. ತಾನು ತಪ್ಪು ಮಾಡಿದ್ದಕ್ಕೇ ಅಜ್ಜಿ ಹೋದರೆಂದು ಅವನ ಎದೆಯಲ್ಲಿ ಕೂತುಬಿಟ್ಟಿತು. ತನ್ನ ತಾಯಿಯನ್ನು ಕಳೆದುಕೊಂಡ ದುಃಖದಲ್ಲಿದ್ದ ಆಲ್ಬರ್ಟಾ ಮಗನ ಆ ಭಾರವನ್ನೂ ಇಳಿಸಬೇಕಾಯಿತು. ಮನೆಯಲ್ಲಿ ಸಾವಾದಾಗ ದೊಡ್ಡವರು ಬಂದು ಹೋಗುವವರ ವ್ಯವಸ್ಥೆಯಲ್ಲಿ ಮುಳುಗುತ್ತೇವೆ. ಮೂಲೆಯಲ್ಲಿ ಕೂತ ಮಗು ಏನನ್ನು ತನ್ನ ತಲೆಗೆ ಕಟ್ಟಿಕೊಂಡಿದೆ ಎಂದು ಕೇಳುವವರು ಕಡಿಮೆ. ತಂದೆತಾಯಿಗಳು ಇದನ್ನೊಂದು ಗಮನಿಸಬೇಕು.

ಹಾಸ್ಟೆಲಿನಲ್ಲಿ ಓದುತ್ತಿರುವ ವಿದ್ಯಾರ್ಥಿಗಳಿಗೆ ಇಷ್ಟವಾಗುವ ಸಂಗತಿಯೊಂದಿದೆ. 1948ರಲ್ಲಿ ಹತ್ತೊಂಬತ್ತು ವರ್ಷದ ಮಾರ್ಟಿನ್ ಪೆನ್ಸಿಲ್ವೇನಿಯಾದ ಕ್ರೋಜರ್ ಸೆಮಿನರಿಯಲ್ಲಿ ಧರ್ಮಶಾಸ್ತ್ರ ಓದಲು ಹೋದ. ಅಲ್ಲಿಂದ ತಾಯಿಗೆ ಬರೆದ ಕಾಗದವೊಂದು ಉಳಿದಿದೆ. ಜಗತ್ತಿನಲ್ಲೇ ಒಳ್ಳೆಯ ತಾಯಿ ನನ್ನವಳೆಂದು ಇಲ್ಲಿನ ಹುಡುಗರ ಮುಂದೆ ಹೇಳಿಕೊಳ್ಳುತ್ತಿರುತ್ತೇನೆ ಎಂದು ಅದರಲ್ಲಿ ಬರೆದಿದ್ದಾನೆ. ವಾರವಾರ ಕಳಿಸುವ 5 ಡಾಲರ್ ತಲುಪುತ್ತಿದೆ ಎಂದಿದ್ದಾನೆ. ಹೀಬ್ರೂ ಭಾಷೆಯಲ್ಲಿ ಪಾಠ ಓದಿ ಬನ್ನಿ ಎಂದರೆ ನಿಜಕ್ಕೂ ಕಷ್ಟ ಎಂದು ಗೋಳು ತೋಡಿಕೊಂಡಿದ್ದಾನೆ. ಹುಡುಗಿಯರ ವಿಷಯವಾಗಿ ಒಂದಿಷ್ಟು ಜಂಬ ಕೊಚ್ಚಿಕೊಂಡು, ಕೊನೆಗೆ ಓದಿನ ಮಧ್ಯೆ ಅದಕ್ಕೆಲ್ಲ ಪುರಸೊತ್ತಿಲ್ಲ ಎಂದೂ ಸೇರಿಸಿದ್ದಾನೆ! ಮನಿಯಾರ್ಡರಿಗೆ ಕಾದವರಿಗೂ, ಈಗ ಫೋನಿನಲ್ಲೇ ದುಡ್ಡು ತರಿಸಿಕೊಳ್ಳುವವರಿಗೂ ಈ ಕಾಗದ ಅರ್ಥವಾಗುತ್ತದೆ. ತಾಯಿಯೊಡನೆ ಹುಡುಗಿಯರ ವಿಷಯವನ್ನೂ ಹೇಳಿಕೊಳ್ಳುವ ಸಲಿಗೆ ಮಗನಿಗಿತ್ತು. ಮಡಿಲಲ್ಲಿ ಕೂತು ಕೇಳಿದ ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದರಿಂದ ಮಗ ಕೇಳುವುದನ್ನೂ ಹೇಳುವುದನ್ನೂ ನಿಲ್ಲಿಸಿರಲಿಲ್ಲ ಎಂದು ನನಗೆ ತೋರುತ್ತದೆ.

ಮುಂದಿನದು ಎಲ್ಲರೂ ಬಲ್ಲ ಚರಿತ್ರೆ. 1955ರ ಡಿಸೆಂಬರಿನಲ್ಲಿ ಮಾಂಟ್ಗೊಮೆರಿ ಊರಿನ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ. ಕಪ್ಪು ಜನ 381 ದಿನ ಬಸ್ಸನ್ನೇ ಹತ್ತಲಿಲ್ಲ. ಮುಂದಾಳು 26 ವರ್ಷದ ಕಿಂಗ್. 1956ರ ಜನವರಿ 30ರಂದು ಅವರ ಮನೆಯ ಜಗಲಿಗೆ ಬಾಂಬು ಬಿತ್ತು. ಒಳಗೆ ಹೆಂಡತಿ, ಎಳೆಗೂಸು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಅಟ್ಲಾಂಟಾದಲ್ಲಿದ್ದ ತಾಯಿ ಚಿಂತೆಯಿಂದ ಹಾಸಿಗೆ ಹಿಡಿದರು. ತಂದೆ ಊರಿನ ಹಿರಿಯರನ್ನು ಕೂಡಿಸಿ, ನೀನು ಅಲ್ಲಿಗೆ ಮರಳಿ ಹೋಗಬೇಡ ಎಂದು ಮಗನಿಗೆ ಹೇಳಿಸಿ ನೋಡಿದರು. ಮಗ ಹೋಗಲೇಬೇಕೆಂದ. ಹೋದ. ಯಾರಿಗೂ ಕಮ್ಮಿಯಲ್ಲ ಎಂದು ಕಲಿಸಿದ ತಾಯಿಗೆ, ಕಲಿಸಿದ ಪಾಠದ ಬೆಲೆ ಎಷ್ಟಾದೀತೆಂದು ಆಗ ಮೊದಲು ತಿಳಿದಿರಬೇಕು.

ಇಲ್ಲೊಂದು ನಮ್ಮ ನಾಡಿಗೂ ಸೇರಿದ ಸಂಗತಿ ಹೇಳಬೇಕು. 1959ರಲ್ಲಿ ಕಿಂಗ್ ದಂಪತಿಗಳು ಗಾಂಧಿಯವರ ದೇಶ ನೋಡಲೆಂದು ಭಾರತಕ್ಕೆ ಬಂದರು. ತಿರುವನಂತಪುರದಲ್ಲಿ ದಲಿತ ಮಕ್ಕಳ ಶಾಲೆಯೊಂದಕ್ಕೆ ಹೋದಾಗ ಮುಖ್ಯೋಪಾಧ್ಯಾಯರು ಅವರನ್ನು ಮಕ್ಕಳಿಗೆ ಪರಿಚಯಿಸಿದ್ದು, ಅಮೆರಿಕದಿಂದ ಬಂದ ನಮ್ಮಂತೆಯೇ ಒಬ್ಬ ಅಸ್ಪೃಶ್ಯ ಎಂದು! ಕಿಂಗ್‌ಗೆ ಒಂದು ಕ್ಷಣ ಮುಜುಗರವಾಯಿತು. ಆಮೇಲೆ ಯೋಚಿಸಿ, ಹೌದು, ನಾನೂ ನನ್ನ ಜನರೂ ಅದೇ ಎಂದುಕೊಂಡರು. 1965ರ ಜುಲೈ 4ರಂದು ಎಬನೇಜರ್ ಚರ್ಚಿನ ಉಪದೇಶದಲ್ಲಿ ಅವರೇ ಇದನ್ನು ಹೇಳಿದರು. ಅಟ್ಲಾಂಟಾದ ಅಂಗಡಿಯವರ ಮಗ ಹೇಳಿದ ಮಾತು, ನಮ್ಮ ಹಳ್ಳಿಯ ಹೋಟೆಲಿನ ಹೊರಗೆ ಬೇರೆಯಾಗಿ ಇಟ್ಟ ಲೋಟ, ಎರಡೂ ಒಂದೇ ಮನೆತನದವು. ಆದ್ದರಿಂದಲೇ ಆ ತಾಯಿಯ ಉತ್ತರ ನಮಗೂ ಬೇಕಾದದ್ದು. ಪೆಟ್ಟು ತಿಂದ ಮಗುವಿನ ಮನೆಯಲ್ಲಿ ಬೇಕು. ಪೆಟ್ಟು ಕೊಟ್ಟ ಮಗುವಿನ ಮನೆಯಲ್ಲಂತೂ ಇನ್ನೂ ಹೆಚ್ಚು ಬೇಕು. ಆ ಅಂಗಡಿಯವರ ಹುಡುಗ ಅಂದು ಮನೆಗೆ ಹೋಗಿ 'ಯಾಕಪ್ಪಾ ಆಡಬಾರದು?' ಎಂದು ಕೇಳಿರಲಾರನೇ? ಅವನಿಗೆ ಸಿಕ್ಕಿದ ಉತ್ತರ ಏನಿತ್ತೋ!

1964ರಲ್ಲಿ ಮಗನಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ತಂದೆ ತಾಯಿ ಜೊತೆಯಲ್ಲಿ ಓಸ್ಲೋಗೆ ಹೋಗಿದ್ದರು. ಸುಖದ ದಿನಗಳು ಹೆಚ್ಚಿರಲಿಲ್ಲ. 1968ರ ಏಪ್ರಿಲ್ 4ರ ಮಧ್ಯಾಹ್ನ ಮೆಂಫಿಸ್ ಊರಿನ ವಸತಿಗೃಹದಿಂದ ಮಾರ್ಟಿನ್ ಮತ್ತು ಎ.ಡಿ. ಅಣ್ಣತಮ್ಮಂದಿರು ಒಟ್ಟಿಗೆ ಅಮ್ಮನಿಗೆ ಫೋನು ಮಾಡಿದರು. ಇವನು ಅವನಂತೆ, ಅವನು ಇವನಂತೆ ಮಾತಾಡಿ ಅಮ್ಮನನ್ನು ಬೇಸ್ತು ಬೀಳಿಸಿ ನಕ್ಕರು. ಚಳವಳಿಯ ನಾಯಕನೆನ್ನಿ, ನೊಬೆಲ್ ವಿಜೇತನೆನ್ನಿ, ಫೋನಿನ ಆ ಕಡೆ ಅಮ್ಮ ಇದ್ದರೆ ಸ್ಟೂಲಿನ ಕಾಲು ಸಡಿಲಿಸುವ ಹುಡುಗನೇ. ಆ ಸಂಜೆ 6 ಗಂಟೆ ದಾಟುತ್ತಿದ್ದಂತೆ ವಸತಿಗೃಹದ ಮೊಗಸಾಲೆಯಲ್ಲಿ ನಿಂತಿದ್ದ ಮಾರ್ಟಿನ್‌ಗೆ ಗುಂಡು ತಗುಲಿತು. ವಯಸ್ಸು 39. ಕೊಂದವನು ಬಿಳಿಯ.

ಮರುವರ್ಷ 1969ರ ಜುಲೈ 21. ಮನುಷ್ಯ ಚಂದ್ರನ ಮೇಲಿಳಿದ ಮರುದಿನ ಜಗತ್ತೆಲ್ಲ ಸಂಭ್ರಮಿಸುತ್ತಿತ್ತು. ಅಂದು ಕಿರಿಯ ಮಗ ಎ.ಡಿ. ತನ್ನ ಮನೆಯ ಈಜುಕೊಳದಲ್ಲಿ ಹೆಣವಾಗಿ ಸಿಕ್ಕಿದ. ವಯಸ್ಸು 38. ಹದಿನೈದೇ ತಿಂಗಳು ಕೆಲವು ದಿನಗಳಲ್ಲಿ ಎರಡು ಗಂಡುಮಕ್ಕಳು.

ಇಂಥ ಹೊತ್ತಿನಲ್ಲಿ ದೇವರ ಮೇಲೆ ಮುನಿಸಿಕೊಂಡು ಬಾಗಿಲು ಹಾಕಿಕೊಂಡರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಲ್ಬರ್ಟಾ ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ. ಆರ್ಗನ್ನಿನ ಮುಂದಿನ ಆ ಪೀಠಕ್ಕೆ ಮತ್ತೆ ಮತ್ತೆ ಬಂದರು.

1974ರ ಜೂನ್ 30, ಭಾನುವಾರ. ಬೆಳಗಿನ ಆರಾಧನೆ ನಡೆದಿತ್ತು. ಕರ್ತನು ಕಲಿಸಿದ ಪ್ರಾರ್ಥನೆಯ ಸ್ವರವನ್ನು ಆಲ್ಬರ್ಟಾ ನುಡಿಸುತ್ತಿದ್ದರು. ನಮ್ಮ ತಪ್ಪುಗಳನ್ನು ಕ್ಷಮಿಸು, ನಾವೂ ತಪ್ಪು ಮಾಡಿದವರನ್ನು ಕ್ಷಮಿಸಿದ್ದೇವೆ ಎಂಬರ್ಥದ ಮಾತು ಬರುವ ಪ್ರಾರ್ಥನೆ ಅದು. ಸಭೆಯಲ್ಲಿ ಕೂತಿದ್ದ 23 ವರ್ಷದ ಯುವಕನೊಬ್ಬ ಎದ್ದು ಪಿಸ್ತೂಲು ಹಾರಿಸಿದ. ಆಲ್ಬರ್ಟಾ ಹಾಗೂ ಚರ್ಚಿನ ಹಿರಿಯರೊಬ್ಬರು ಪ್ರಾಣ ಬಿಟ್ಟರು. ಇನ್ನೊಬ್ಬ ಹೆಂಗಸಿಗೆ ಗಾಯವಾಯಿತು. ಯುವಕ ಕಪ್ಪು ವರ್ಣದವನೇ. ಕ್ರೈಸ್ತರೆಲ್ಲ ತನ್ನ ಶತ್ರುಗಳೆಂಬ ಹುಚ್ಚು ತಲೆಯಲ್ಲಿ ತುಂಬಿಕೊಂಡು ಓಹಾಯೋದಿಂದ ಬಂದಿದ್ದ. ಗುರಿ ಇದ್ದದ್ದು ಸಭಾಪಾಲಕರ ಮೇಲೆ. ಹತ್ತಿರ ಸಿಕ್ಕವರು ಅವರ ಹೆಂಡತಿ.

ದ್ವೇಷಕ್ಕೆ ಬಣ್ಣವಿಲ್ಲ ಎಂಬುದನ್ನು ಇದಕ್ಕಿಂತ ಕಠೋರವಾಗಿ ಯಾವ ಮನೆಯೂ ಕಲಿಯಲಾರದು. ಮಗನನ್ನು ಕೊಂದವನು ಬಿಳಿಯ, ತಾಯಿಯನ್ನು ಕೊಂದವನು ಕಪ್ಪು. ಮೂರೂ ಸಾವುಗಳನ್ನು ಕಂಡ ಮುದಿ ತಂದೆ, ಈ ಇಬ್ಬರನ್ನೂ ನಾನು ದ್ವೇಷಿಸಬೇಕೆಂದು ಜನ ಎಣಿಸುತ್ತಾರೆ, ಆದರೆ ದ್ವೇಷಿಸುವುದಿಲ್ಲ ಎಂದು ತಮ್ಮ ಆತ್ಮಕಥೆಯಲ್ಲಿ ಬರೆದರು. ಕೊಂದವನಿಗೆ ನ್ಯಾಯಾಲಯ ಮರಣದಂಡನೆ ವಿಧಿಸಿತು. ಮರಣದಂಡನೆಯನ್ನೇ ಒಪ್ಪದ ಕಿಂಗ್ ಮನೆಯವರು ಅದನ್ನು ವಿರೋಧಿಸಿದರು. 1995ರಲ್ಲಿ ಅದು ಜೀವಾವಧಿ ಶಿಕ್ಷೆಯಾಯಿತು. ಅದೇ ವರ್ಷ ಆತ ಕೈದಿಯಾಗಿಯೇ ತೀರಿಕೊಂಡ. ಆರು ವರ್ಷದ ಹುಡುಗನಿಗೆ ದ್ವೇಷಿಸಬೇಡ ಎಂದು ಹೇಳಿದ್ದ ಮನೆ, ತಾನು ಹೇಳಿದ್ದಕ್ಕೆ ಕೊನೆಯವರೆಗೂ ಕಟ್ಟುಬಿದ್ದಿತು. ಅಂದು ಆಡಿದ ಉತ್ತರದ ಅರ್ಥ ಆಗ ಪೂರ್ತಿಯಾಯಿತು ಎನ್ನಬೇಕು.

ಈಗ ನಮ್ಮ ಮನೆಗೆ ಬರೋಣ. ನಮ್ಮಲ್ಲಿ ಬಹಳ ಜನಕ್ಕೆ ಇಷ್ಟು ದೊಡ್ಡ ಪರೀಕ್ಷೆ ಬಾರದಿರಲಿ. ಆದರೆ ಬೀದಿಯ ಪ್ರಶ್ನೆ ಒಂದಲ್ಲ ಒಂದು ದಿನ ಎಲ್ಲರ ಮನೆಗೂ ಬಂದೇ ಬರುತ್ತದೆ. ಜಾತಿಯ ಮಾತಾಗಿ ಬಂದೀತು, ಬಣ್ಣದ ಮಾತಾಗಿ, ಹರಿದ ಚಪ್ಪಲಿಯ ಮಾತಾಗಿ, ಭಾಷೆಯ, ದೇವರ ಮಾತಾಗಿ ಬಂದೀತು. ಆಗ ಮೂರು ಕೆಲಸ ಮಾಡಬೇಕಾಗುತ್ತದೆ. ಮಗುವಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಸುಳ್ಳಿನಿಂದ ಸಮಾಧಾನ ಮಾಡಬಾರದು. ನೀನು ಕಮ್ಮಿಯಲ್ಲ ಎಂದು ತಿಳಿಸಬೇಕು. ಮತ್ತು ಅವರೂ ಕಮ್ಮಿಯಲ್ಲ ಎಂದು ಸೇರಿಸಬೇಕು. ಮೂರನೆಯದನ್ನು ಬಿಟ್ಟರೆ ಮೊದಲೆರಡೂ ಹಾಳು. ಇದಕ್ಕೆ ಬಿ.ಎ. ಪದವಿ ಬೇಕಾಗಿಲ್ಲ, ಮಡಿಲು ಸಾಕು. ಸ್ವಲ್ಪ ಹೊತ್ತು ಬೇಕು, ಅಷ್ಟೇ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ನಿಮ್ಮ ಅಮ್ಮ, ಅಜ್ಜಿ ವಾರವಾರ ಗುಡಿಗೋ ಚರ್ಚಿಗೋ ಹೋಗಿ ಬರುವುದನ್ನು, ಪ್ರತಿ ಸಂಜೆ ದೀಪ ಹಚ್ಚುವುದನ್ನು, ಹೊತ್ತಿಗೆ ಸರಿಯಾಗಿ ನಮಾಜು ಮಾಡುವುದನ್ನು ನೋಡಿ 'ಇವರದು ಯಾವಾಗಲೂ ಇದ್ದದ್ದೇ' ಎಂದು ನಗುತ್ತಿರಬಹುದು. ಆ ಇದ್ದದ್ದೇ ಇದ್ದದ್ದರೊಳಗೆ ಅವರು ಯಾವ ದುಃಖವನ್ನು ಇಳಿಸಿ ಬರುತ್ತಾರೋ, ಯಾರ ಮೇಲಿನ ಸಿಟ್ಟನ್ನು ಅಲ್ಲೇ ಬಿಟ್ಟು ಬರುತ್ತಾರೋ, ಒಮ್ಮೆ ಕೇಳಿ ನೋಡಿ. ನಿಮಗಾಗಿ ಅವರು ಪೆಟ್ಟಿಗೆಯಲ್ಲಿ ಮಡಿಚಿಟ್ಟ ಕಾಗದವೂ ಒಂದಿರಬಹುದು.

ಕೊನೆಯದಾಗಿ ಮಗಳ ಮಾತು. ಮೂವರು ಮಕ್ಕಳಲ್ಲಿ ದೀರ್ಘಾಯುಷಿಯಾಗಿ ಬಾಳಿದವರು ಕ್ರಿಸ್ಟೀನ್ ಒಬ್ಬರೇ. 2023ರಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಾಯಿ ಹೈಸ್ಕೂಲು ಓದಿದ ಅದೇ ಸ್ಪೆಲ್ಮನ್ ಸಂಸ್ಥೆ ಮುಂದೆ ಕಾಲೇಜಾಗಿತ್ತು. 1958ರಲ್ಲಿ ಅಲ್ಲಿ ಅಧ್ಯಾಪಕಿಯಾಗಿ ಸೇರಿದ ಕ್ರಿಸ್ಟೀನ್ ಎರಡು ವರ್ಷಕ್ಕೆ ಮದುವೆಯಾದರು. ಪಾಠ ಹೇಳುವುದನ್ನು ಬಿಡು ಎಂದು ಈ ಸಲ ಯಾರೂ ಹೇಳಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಅವರು ಅಲ್ಲಿ ಪಾಠ ಹೇಳಿದರು. ಅಮ್ಮ ಪೆಟ್ಟಿಗೆಯಲ್ಲಿಟ್ಟ ಅರ್ಹತಾ ಪತ್ರವನ್ನು ಮಗಳು ಹೊರತೆಗೆದಳು ಎಂದುಕೊಳ್ಳಲು ನನಗೆ ಇಷ್ಟ.